ಇ ಡ್ರೈವ್ ಎಲ್ಲಿ ಹೋಯಿತು?

ಪ್ರಶ್ನೆ: ನಾನು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ಆಳುಗಳ ಹಾಜರಿ, ಬಟವಾಡೆ ಎಲ್ಲಾ ಹಳೇ ಸಾಫ್ಟ್‌ವೇರ್‌ನಲ್ಲಿದೆ. ಅದು ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ ಓಡುತ್ತದೆ. ಅದಕ್ಕೇ ಹೊಸ ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ಪ್ರೋಗ್ರಾಂ) ಹಾಕಿ ಅದರೊಳಗೆ ಎಕ್ಸ್‌ಪಿ ಇಟ್ಟುಕೊಂಡಿದ್ದೇನೆ. ಅದರ ಫೋಲ್ಡರ್ ಇರುವುದು ಪೋರ್ಟಬಲ್ ಹಾರ್ಡ್ ಡಿಸ್ಕ್‌ನಲ್ಲಿ. ಸೋಮವಾರದಿಂದ ಎಕ್ಸ್‌ಪಿ ಏಳುತ್ತಿಲ್ಲ, ಡಿಸ್ಕ್ ತೆರೆಯಲು ಆಗಲಿಲ್ಲ ಅನ್ನುತ್ತದೆ. ವಿಡಿಐ ಫೈಲನ್ನು (ಎಕ್ಸ್‌ಪಿಯ ಇಡೀ ಹಾರ್ಡ್ ಡಿಸ್ಕ್ ಇರುವ ಫೈಲ್) ಡಿ ಡ್ರೈವ್‌ಗೆ ಕಾಪಿ ಮಾಡಿ ಸೇರಿಸಲು ನೋಡಿದೆ, ಅದಕ್ಕೂ ಒಪ್ಪಲಿಲ್ಲ. ಶನಿವಾರ ಬಟವಾಡೆ ಇದೆ. ವರ್ಚುವಲ್‌ಬಾಕ್ಸ್‌ನಲ್ಲಿ ಹೊಸ ಡಿಸ್ಕ್ ಮಾಡಿಕೊಳ್ಳಲೇ? ಮೂರು ಫೋಟೋ ಕಳಿಸಿದ್ದೇನೆ.

ಉತ್ತರ: ಬೇಡ ರೈಟರೇ, ಹೊಸ ಡಿಸ್ಕ್ ಮಾಡಬೇಡಿ. ಅದು ಖಾಲಿ ಡಿಸ್ಕ್. ಅದರಲ್ಲಿ ಎಕ್ಸ್‌ಪಿಯೂ ಇರಲ್ಲ, ಲೆಕ್ಕವೂ ಇರಲ್ಲ. ನಿಮ್ಮ ಲೆಕ್ಕ ಎಲ್ಲೂ ಹೋಗಿಲ್ಲ. ಫೋಟೋದಲ್ಲೇ ಕಾಣುತ್ತಿದೆ.

ಮೊದಲ ಫೋಟೋ ನೋಡಿ. ‘ಕುಡ್ ನಾಟ್ ಓಪನ್ ದ ಮೀಡಿಯಂ’ ಆದ ಮೇಲೆ ಫೈಲಿನ ದಾರಿ ಬರೆದಿದೆ. ಅದು ಇ ಅಕ್ಷರದಿಂದ ಶುರುವಾಗುತ್ತದೆ. ಈಗ ಎರಡನೇ ಫೋಟೋ. ನಿಮ್ಮ ಪೋರ್ಟಬಲ್ ಡಿಸ್ಕ್ ಎಫ್ ಅಂತ ಕೂತಿದೆ. ಹಾಗಾದರೆ ಇ ಯಾರು? ಕ್ಯಾಮೆರಾದ ಮೆಮೊರಿ ಕಾರ್ಡ್! ಭಾನುವಾರ ಫೋಟೋ ಇಳಿಸಿ ಕಾರ್ಡನ್ನು ಅಲ್ಲೇ ಬಿಟ್ಟಿರಬೇಕು ಅಲ್ವಾ? ಆ ಅಕ್ಷರ ಖಾಲಿ ಇಲ್ಲದಿದ್ದರೆ ವಿಂಡೋಸ್ ಮುಂದಿನದನ್ನು ಕೊಡುತ್ತದೆ. ವರ್ಚುವಲ್‌ಬಾಕ್ಸ್ ಮಾತ್ರ ಹಳೇ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತಿದೆ.

ವರ್ಚುವಲ್‌ಬಾಕ್ಸ್ ಪೂರ್ತಿ ಮುಚ್ಚಿ. ಕಾರ್ಡ್ ತೆಗೆಯಿರಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಎಫ್ ಮೇಲೆ ರೈಟ್ ಕ್ಲಿಕ್, ‘ಚೇಂಜ್ ಡ್ರೈವ್ ಲೆಟರ್ ಅಂಡ್ ಪಾತ್ಸ್’, ಅಲ್ಲಿ ಇ ಆರಿಸಿ. ಕೆಲವು ಪ್ರೋಗ್ರಾಂ ಓಡದೆ ಹೋಗಬಹುದು ಅಂತ ಹೆದರಿಸುತ್ತದೆ, ಹೂಂ ಅನ್ನಿ. ಅದೇ ಪಟ್ಟಿಯಲ್ಲಿ ಫಾರ್ಮ್ಯಾಟ್ ಅಂತಲೂ ಇರುತ್ತದೆ, ಅದರ ಹತ್ತಿರ ಕೈ ಹೋಗದಿರಲಿ. ಎಕ್ಸ್‌ಪಿ ಏಳುತ್ತದೆ.

ಕಾಪಿ ಯಾಕೆ ಸೇರಲಿಲ್ಲ ಅಂದರೆ, ಪ್ರತಿ ವಿಡಿಐ ಫೈಲಿನ ಹೊಟ್ಟೆಯಲ್ಲಿ ಒಂದು ಉದ್ದನೆಯ ನಂಬರ್ ಇರುತ್ತದೆ. ಕಾಪಿ ಮಾಡಿದರೆ ನಂಬರೂ ಕಾಪಿ ಆಗುತ್ತದೆ. ಒಂದೇ ನಂಬರ್ ಪ್ಲೇಟಿನ ಎರಡು ಜೀಪನ್ನು ವರ್ಚುವಲ್‌ಬಾಕ್ಸ್ ಒಳಗೆ ಬಿಡಲ್ಲ.

ಬಿಡದೆ ಇದ್ದದ್ದೇ ಒಳ್ಳೆಯದಾಯಿತು. ಮೂರನೇ ಫೋಟೋದಲ್ಲಿ ವಿಡಿಐ ಫೈಲಿನ ತಾರೀಖು ಮಾರ್ಚ್‌ನದು. ಪಕ್ಕದಲ್ಲಿ ಸ್ನ್ಯಾಪ್‌ಶಾಟ್ಸ್ ಫೋಲ್ಡರ್ ಇದೆ. ಅಂದರೆ ಮಾರ್ಚ್‌ನಲ್ಲಿ ನೀವು ಒಂದು ಸ್ನ್ಯಾಪ್‌ಶಾಟ್, ಅಂದರೆ ಬೇಕಾದರೆ ವಾಪಸ್ ಹೋಗಲು ಆ ಹೊತ್ತಿನ ಸ್ಥಿತಿಯ ಗುರುತು, ತೆಗೆದಿದ್ದೀರಿ. ಆಮೇಲೆ ಬರೆದದ್ದೆಲ್ಲ ಆ ಫೋಲ್ಡರ್‌ನೊಳಗಿನ ಫೈಲಿಗೆ ಹೋಗಿದೆ, ಮೂಲ ಫೈಲಿಗಲ್ಲ. ಬರೀ ಮೂಲ ಫೈಲ್ ಹಾಕಿ ಎಬ್ಬಿಸಿದ್ದರೆ ಮಾರ್ಚ್‌ವರೆಗಿನ ಲೆಕ್ಕ ಮಾತ್ರ ಸಿಗುತ್ತಿತ್ತು. ಅದರ ಮೇಲೆ ಏನಾದರೂ ಬರೆದಿದ್ದರೆ ಮೂಲ ಫೈಲಿಗೂ ಸ್ನ್ಯಾಪ್‌ಶಾಟ್ ಫೈಲಿಗೂ ಕೊಂಡಿ ತಪ್ಪುತ್ತಿತ್ತು. ಆ ಕಾಪಿಯನ್ನು ಸುಮ್ನೆ ಅಲ್ಲೇ ಬಿಡಿ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಹಾಸನದಲ್ಲಿ ಅಂಗಡಿ ಇಟ್ಟುಕೊಂಡಿದ್ದಾಗ ನನ್ನ ಬಿಲ್ಲಿಂಗೂ ಹೀಗೇ ಎಕ್ಸ್‌ಪಿಯಲ್ಲಿತ್ತು. ಒಂದು ದಿನ ಡಿಸ್ಕ್ ತುಂಬಿತು. ಸ್ನ್ಯಾಪ್‌ಶಾಟ್ಸ್ ಫೋಲ್ಡರ್ 18 ಜಿಬಿ ತಿಂದಿತ್ತು. ಹಳೇ ಕಸ ಇರಬೇಕು ಅಂತ ಶಿಫ್ಟ್ ಒತ್ತಿ ಡಿಲೀಟ್ ಮಾಡಿದೆ. ಎರಡು ತಿಂಗಳ ಬಿಲ್ ಹೋಯಿತು. ಕಾರ್ಬನ್ ಕಾಪಿ ಬುಕ್ ಹಿಡಿದು, ಮಸುಕಾದ ಅಂಕಿ ಮೂರೋ ಎಂಟೋ ಅಂತ ಕಣ್ಣು ಕಿರಿದು ಮಾಡಿಕೊಂಡು ರಾತ್ರಿ ಎಲ್ಲಾ ಟೈಪ್ ಮಾಡಿದ್ದೇನೆ. ಊರಿಗೆಲ್ಲ ಬ್ಯಾಕಪ್ ಇಟ್ಟುಕೊಳ್ಳಿ ಅಂತ ಹೇಳುತ್ತಿದ್ದವನು ನಾನೇ!

ಈ ನಡುವೆ ವರ್ಚುವಲ್‌ಬಾಕ್ಸ್‌ನಲ್ಲಿ ಹೊಸ ಮಷೀನ್ ಮಾಡಿ ನೋಡಿದ್ದರೆ, ನೀಲಿ ಪರದೆ ಮೇಲೆ 7ಬಿ ಅನ್ನುವ ದೋಷದ ಸಂಖ್ಯೆ ಬಂದಿದ್ದರೆ, ಅದಕ್ಕೂ ಗಾಬರಿ ಬೇಡ. ಡಿಸ್ಕನ್ನು ಸಾಟಾ ಕಂಟ್ರೋಲರ್‌ಗೆ (ಡಿಸ್ಕ್ ಜೋಡಿಸುವ ಹೊಸ ಬಗೆ) ಹಾಕಿರುತ್ತೀರಿ. ಎಕ್ಸ್‌ಪಿಗೆ ಅದರ ಡ್ರೈವರ್ ಇಲ್ಲ, ಹಳೇ ಬಗೆಯಾದ ಐಡಿಇ ಕೆಳಗೆ ಹಾಕಬೇಕು. ಆದರೆ ನಿಮಗೆ ಆ ಮಷೀನೇ ಬೇಡ, ಹಳೆಯದರಲ್ಲೇ ಕೆಲಸ ಮಾಡಿ.

ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಕೈ ಬಿಟ್ಟಿದೆ, ಅದಕ್ಕೆ ಎಂದಿನ ಭದ್ರತಾ ಅಪ್‌ಡೇಟ್ ಬರಲ್ಲ. ಅದರೊಳಗೆ ಇಂಟರ್‌ನೆಟ್ ಕೊಡಬೇಡಿ. ಹಾಜರಿ ಬರೆಯಲು ಅದು ಬೇಕಾಗಿಯೂ ಇಲ್ಲ.

ಶನಿವಾರದ ಬಟವಾಡೆ ಮುಗಿದ ಮೇಲೆ ಎಕ್ಸ್‌ಪಿಯನ್ನು ಶಟ್‌ಡೌನ್ ಮಾಡಿ, ಸ್ನ್ಯಾಪ್‌ಶಾಟ್ಸ್ ಸಮೇತ ಇಡೀ ಫೋಲ್ಡರನ್ನು ಇನ್ನೊಂದು ಡಿಸ್ಕ್‌ಗೆ ಕಾಪಿ ಮಾಡಿ. ಪೆನ್‌ಡ್ರೈವ್‌ನಲ್ಲಿ ಜಾಗ ಇದ್ದರೂ ಫೈಲ್ ದೊಡ್ಡದಾಯಿತು ಅಂದರೆ ಅದು ಫ್ಯಾಟ್32 ಅನ್ನುವ ಹಳೇ ಫಾರ್ಮ್ಯಾಟ್‌ನಲ್ಲಿ ಇರಬೇಕು. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸಲ್ಲ. ಪೆನ್‌ಡ್ರೈವ್ ಖಾಲಿ ಮಾಡಿಕೊಂಡು, ಅದನ್ನು ಮಾತ್ರ ಎಕ್ಸ್‌ಫ್ಯಾಟ್ ಅಂತ ಆರಿಸಿ ಫಾರ್ಮ್ಯಾಟ್ ಮಾಡಿ. ಕ್ಯಾಮೆರಾ ಕಾರ್ಡನ್ನು ಇನ್ನು ಮೇಲೆ ಡಿಸ್ಕ್ ಚುಚ್ಚಿದ ನಂತರವೇ ಹಾಕಿ.