ನಾನು ಕ್ಯಾಥೊಲಿಕ್ ಮನೆಯವನು, ಈಗ ಫೆಲೋಶಿಪ್‌ಗೆ, ಅಂದ್ರೆ ಕ್ಯಾಥೊಲಿಕ್ ಅಲ್ಲದ ಪ್ರಾರ್ಥನಾ ಕೂಟಕ್ಕೆ, ಹೋಗಿ ದೇವರ ಜೊತೆ ನೇರ ಸಂಬಂಧ ಸಿಕ್ಕಿದೆ. ಜಪಮಾಲೆ, ಹಬ್ಬ ಎಲ್ಲ ಮನುಷ್ಯರ ಸಂಪ್ರದಾಯ ಅಂತ ಮನೆಯಲ್ಲಿ ಹೇಗೆ ಹೇಳೋದು?

ಹೇಳ್ಬೇಡಿ. ನನ್ನ ಉತ್ತರ ಅಷ್ಟೇ, ಯಾಕೆ ಅಂತ ತಿಳ್ಕೊಳೋ ತಾಳ್ಮೆ ಇದ್ರೆ ಮುಂದೆ ಓದಿ.

ನಿಮ್ಮ ಪ್ರಶ್ನೆ ಓದ್ತಾ 2014ರ ನಾನೇ ಎದುರಿಗೆ ಬಂದು ಕೂತ ಹಾಗಾಯ್ತು ಮಾರಾಯ್ರೆ. ಊರು ಬಂಟ್ವಾಳದ ಹತ್ರ, ಮನೆಯಲ್ಲಿ ಕೊಂಕಣಿ, ಸಂಜೆ ಏಳೂವರೆ ಆದ್ರೆ ಯಾವ ಸೀರಿಯಲ್ ಇದ್ರೂ ಟಿವಿ ಬಂದ್, ಎಲ್ರೂ ಮೊಣಕಾಲೂರಿ ತೇರ್ಸ್ ಹೇಳ್ಬೇಕು, ಅಂದ್ರೆ ಜಪಮಾಲೆ. ಮುಗಿದ ಮೇಲೆ ಸಣ್ಣವರೆಲ್ಲ ದೊಡ್ಡವರ ಹತ್ರ ಕೈ ಮುಗಿದು ಬೆಸಾಂವ್, ಅಂದ್ರೆ ಆಶೀರ್ವಾದ, ಕೇಳೋದು. ಬೈಬಲ್ಲೂ ಇತ್ತು, ಅಲ್ತಾರಿನ (ಮನೆಯ ದೇವರ ಪೀಠದ) ಕೆಳಗೆ ಪ್ಲಾಸ್ಟಿಕ್ ಕವರ್ ಒಳಗೆ, ಅದನ್ನ ಯಾರಾದ್ರೂ ಬಿಚ್ಚಿ ಓದಿದ್ದು ನಾನಂತೂ ನೋಡಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಬಂದಾಗ ಪಿಜಿ ರೂಮ್‌ಮೇಟ್ ಒಬ್ಬ ಭಾನುವಾರ ಫೆಲೋಶಿಪ್‌ಗೆ ಕರ್ಕೊಂಡು ಹೋದ, ಅಲ್ಲಿ ಜನ ಬಾಯಿಪಾಠ ಇಲ್ದೆ ಸ್ವಂತ ಮಾತಲ್ಲಿ ಪ್ರಾರ್ಥನೆ ಮಾಡ್ತಿದ್ರು, ಅಳ್ತಿದ್ರು, ನನಗೆ ತಲೆ ಗಿರ್ ಅಂತು. ಮೂರು ತಿಂಗಳಲ್ಲಿ ಬೈಬಲಲ್ಲಿ ಯೇಸುವಿನ ಕಥೆ ಹೇಳೋ ನಾಲ್ಕೂ ಸುವಾರ್ತೆ ಓದಿ ಮುಗಿಸಿದೆ. ಅದಕ್ಕೆ ಆ ಜನರಿಗೆ ಇವತ್ತಿಗೂ ಋಣಿ, ಸುಳ್ಳು ಹೇಳಲ್ಲ.

ಆಮೇಲೆ ಸಿಕ್ತು ನೋಡಿ ಮಾರ್ಕ 7, ಅಂದ್ರೆ ಮಾರ್ಕನ ಸುವಾರ್ತೆಯ ಏಳನೇ ಅಧ್ಯಾಯ. ಶಿಷ್ಯರು ಕೈ ತೊಳೆಯದೆ ಊಟಕ್ಕೆ ಕೂತಿದ್ದಾರೆ ಅಂತ ಫರಿಸಾಯರು, ಅಂದ್ರೆ ಧರ್ಮದ ನಿಯಮ ಕಟ್ಟುನಿಟ್ಟಾಗಿ ಪಾಲಿಸೋ ಯೆಹೂದ್ಯರ ಗುಂಪು, ತಕರಾರು ತೆಗೀತಾರೆ, ಅದಕ್ಕೆ ಯೇಸು ಪ್ರವಾದಿ ಯೆಶಾಯನ ಮಾತು ಹೇಳಿ, ದೇವರ ಆಜ್ಞೆ ಬಿಟ್ಟು ಮನುಷ್ಯರ ಸಂಪ್ರದಾಯ ಹಿಡ್ಕೊಂಡಿದ್ದೀರಿ ಅಂತ ಬೈತಾರೆ. ಅದು 8ನೇ ವಚನ. ನಾನು ಅಲ್ಲಿಗೇ ಬುಕ್ ಮುಚ್ಚಿದೆ.

2015ರ ಸೆಪ್ಟೆಂಬರಲ್ಲಿ ಮೊಂತಿ ಫೆಸ್ತ್‌ಗೆ ಊರಿಗೆ ಹೋಗ್ಲಿಲ್ಲ. ಸೆಪ್ಟೆಂಬರ್ 8, ಮಾತೆ ಮರಿಯಮ್ಮನ ಹುಟ್ಟುಹಬ್ಬ, ಒಂಬತ್ತು ದಿನ ಮಕ್ಕಳು ಹೂ ಹಾಕಿ, ಕೊನೇ ದಿನ ಪಾದ್ರಿಗಳು ಹೊಸ ತೆನೆ ಆಶೀರ್ವಾದ ಮಾಡಿ ಮನೆಮನೆಗೆ ಕೊಡ್ತಾರೆ, ಅದರ ಕಾಳು ಸುಲಿದು ಪುಡಿ ಮಾಡಿ ಹಾಲಿಗೆ ಹಾಕಿ ಎಲ್ರೂ ಕುಡೀತಾರೆ, ಮತ್ತೆ ತರಕಾರಿ ಊಟ. ದೂರ ಇದ್ದವರಿಗೆ ಪೋಸ್ಟಲ್ಲಿ ಕಾಳು ಕಳಿಸೋದು ನಮ್ಮಲ್ಲಿ ವಾಡಿಕೆ, ದುಬೈಗೂ ಹೋಗುತ್ತೆ. ಅಮ್ಮ ನಂಗೂ ಕಳಿಸಿದ್ರು. ಕವರ್ ಒಳಗೆ ನೋಟ್‌ಬುಕ್ ಹಾಳೆ ಮಡಚಿ, ಅದರೊಳಗೆ ಏಳು ಕಾಳು, ಸಿಪ್ಪೆ ಸಮೇತ, ಒಂದು ಕಾಳಿಗೆ ಗೋಂದು ಅಂಟ್ಕೊಂಡಿತ್ತು. ಡಸ್ಟ್‌ಬಿನ್‌ಗೆ ಹಾಕಿದೆ. ಸುಮ್ನೆ ಹಾಕಿದ್ರೂ ಆಗ್ತಿತ್ತು, ಫೋನ್ ಮಾಡಿ ಮಾರ್ಕ 7:8 ಓದಿ ಹೇಳಿದೆ. ಅಮ್ಮ "ಹೌದಾ, ಆಯ್ತು. ಊಟ ಮಾಡಿದ್ಯಾ?" ಅಂದ್ರು.

ಆದ್ರೆ ತಪ್ಪು ಅಂತ ನಾನು ಹೇಳೋದು ಇದನ್ನಲ್ಲ. ತಪ್ಪು ಮಾಡಿದ್ದು ಮುಂದಿನ ವರ್ಷ.

ಅಮ್ಮನಿಗೆ ಎಡಗಣ್ಣು ಮಂಜು ಅಂತ ತೋರಿಸಿದ್ರೆ ಗ್ಲಾಕೋಮಾ, ಕಣ್ಣೊಳಗಿನ ಪ್ರೆಶರ್‌ಗೆ ನರ ಹಾಳಾಗ್ತಾ ಹೋಗೋದು, ಡ್ರಾಪ್ಸಲ್ಲಿ ನಿಲ್ತಿಲ್ಲ, ಆಪರೇಷನ್ ಬೇಕು ಅಂದ್ರು. ಪಪ್ಪ ಫೋನ್ ಮಾಡಿ, ಅವರು ಜೀವಮಾನದಲ್ಲಿ ಯಾರ ಹತ್ರನೂ ದುಡ್ಡು ಕೇಳಿದವರಲ್ಲ, 60,000 ಆಗ್ಬಹುದಾ ಅಂತ ಕೇಳಿದ್ರು. ನನ್ನ ಹತ್ರ ಇತ್ತು. ಆದ್ರೆ ಆ ದುಡ್ಡು ಫೆಲೋಶಿಪ್ ಹಾಲ್‌ನ ಅಡ್ವಾನ್ಸ್‌ಗೆ ಕೊಡ್ತೀನಿ ಅಂತ ಪ್ರಾರ್ಥನೇಲಿ ಮಾತು ಕೊಟ್ಟಿದ್ದೆ. ಪಪ್ಪನಿಗೆ ಹೇಳಿದೆ, "ಅದು ದೇವರಿಗೆ ಎತ್ತಿಟ್ಟ ದುಡ್ಡು."

ಇದನ್ನ ಸರಿಯಾಗಿ ಅರ್ಥ ಮಾಡ್ಕೊಳ್ಳಿ, ಯಾಕಂದ್ರೆ ಎಲ್ರೂ ತಪ್ಪು ತಿಳ್ಕೊಳ್ತಾರೆ. ಪಾಸ್ಟರ್ ನನ್ನ ಬ್ರೈನ್‌ವಾಶ್ ಮಾಡಿರ್ಲಿಲ್ಲ, ಅಮ್ಮನ ಕಣ್ಣಿನ ವಿಷಯ ಅವರಿಗೆ ನಾನು ಹೇಳೇ ಇರ್ಲಿಲ್ಲ, ಹೇಳಿದ್ರೆ ಮೊದ್ಲು ಊರಿಗೆ ಕಳಿಸು ಅಂತಿದ್ರೋ ಏನೋ. ಕಾಣಿಕೆ ಕೊಟ್ಟದ್ದೂ ತಪ್ಪಲ್ಲ. ಎರಡು ತಿಂಗಳು ಬಿಟ್ಟು ಕೊಡ್ಬಹುದಿತ್ತು, ಆಫೀಸಲ್ಲಿ ಸಾಲ ತೆಗೀಬಹುದಿತ್ತು, ಅರ್ಧ ಅಲ್ಲಿ ಅರ್ಧ ಇಲ್ಲಿ ಮಾಡ್ಬಹುದಿತ್ತು, ಯಾವುದನ್ನೂ ಯೋಚನೆ ಮಾಡ್ಲಿಲ್ಲ, ಯಾಕಂದ್ರೆ ದೇವರ ಹೆಸರು ಹೇಳಿದ ಕೂಡ್ಲೇ ಪಪ್ಪ ಮುಂದೆ ಮಾತಾಡಲ್ಲ ಅಂತ ನನಗೆ ಗೊತ್ತಿತ್ತು. ಭಕ್ತಿ ಇರೋ ಮನುಷ್ಯ, ದೇವರ ದುಡ್ಡು ಅಂದ್ರೆ ಮುಟ್ಟಲ್ಲ. ಆ ಭಕ್ತಿಯನ್ನೇ ಬಾಗಿಲಿನ ಚಿಲಕ ಮಾಡ್ಕೊಂಡೆ ನಾನು. ಅವರು ಮತ್ತೆ ಕೇಳ್ಲಿಲ್ಲ. ಅಡಿಕೆ ಕೊಯ್ದು, ಒಣಗಿಸಿ, ಸುಲಿದು, ಮಾರಿ ದುಡ್ಡು ಕೈಗೆ ಬರುವಾಗ ಎಂಟು ತಿಂಗಳು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ವಾಪಸ್ ಬರಲ್ಲ, ಉಳಿದದ್ದನ್ನ ಉಳಿಸ್ಕೊಳ್ಳೋದಷ್ಟೇ. ಎಡಗಣ್ಣಲ್ಲಿ ಉಳೀಲಿಕ್ಕೆ ಏನೂ ಇರ್ಲಿಲ್ಲ.

ಈಗ ನೀವೇ ಮಾರ್ಕ 7 ತೆಗೀರಿ, 9ರಿಂದ 13 ಓದಿ. ಮನುಷ್ಯರ ಸಂಪ್ರದಾಯಕ್ಕೆ ಯೇಸು ಕೊಡೋ ಉದಾಹರಣೆ ಯಾವುದು? ಹಬ್ಬ ಅಲ್ಲ, ಮೇಣದಬತ್ತಿ ಅಲ್ಲ. ಒಬ್ಬ ತನ್ನ ಅಪ್ಪ ಅಮ್ಮನಿಗೆ, ನಿಮಗೆ ಸಲ್ಲಬೇಕಾದದ್ದು ಕೊರ್ಬಾನ್, ಅಂದ್ರೆ ದೇವರಿಗೆ ಕೊಟ್ಟದ್ದು ಅಂತ ಹೇಳಿ ಕೈ ತೊಳ್ಕೊಳೋದು. ನಾನು ಪಪ್ಪನಿಗೆ ಹೇಳಿದ ಮಾತೇ, ಹತ್ತೊಂಬತ್ತು ನೂರು ವರ್ಷ ಮೊದ್ಲೇ ಬರೆದಿಟ್ಟದ್ದು. ಅದನ್ನ ಮನಸ್ಸಿಟ್ಟು ಓದಿದ್ದು 2018ರಲ್ಲಿ, ಮಧ್ಯರಾತ್ರಿ ಕೆಎಸ್‌ಆರ್‌ಟಿಸಿ ಬಸ್ಸಲ್ಲಿ, ಶಿರಾಡಿ ಘಾಟಿಯಲ್ಲಿ ನೆಟ್‌ವರ್ಕ್ ಇರಲ್ಲ, ಮೊಬೈಲಲ್ಲಿ ಇದ್ದದ್ದು ಆಫ್‌ಲೈನ್ ಬೈಬಲ್ ಒಂದೇ.

ನಿಮ್ಮ ಪ್ರಶ್ನೆಯ ಬುಡನೇ ನಂಗೆ ಒಪ್ಪಿಗೆ ಇಲ್ಲ. ಒಂದು ಕಡೆ ಸಂಪ್ರದಾಯ, ಇನ್ನೊಂದು ಕಡೆ ನೇರ ಸಂಬಂಧ, ಎರಡರಲ್ಲಿ ಒಂದು ಆರಿಸ್ಕೋ ಅನ್ನೋದನ್ನ ಎಲ್ಲಿಂದ ತಂದ್ರಿ? 'ವೈಯಕ್ತಿಕ ಸಂಬಂಧ' ಅನ್ನೋ ಪದ ಇಡೀ ಬೈಬಲಲ್ಲಿ ಎಲ್ಲೂ ಇಲ್ಲ. ಕೂಟದ ಕೊನೇಲಿ "ಮುಂದೆ ಬನ್ನಿ, ತೀರ್ಮಾನ ಮಾಡಿ" ಅಂತ ಕರೀತಾರಲ್ಲ, ಅದು 1830ರ ಸುಮಾರಿಗೆ ಅಮೆರಿಕದಲ್ಲಿ ಚಾರ್ಲ್ಸ್ ಫಿನ್ನಿ ಅನ್ನೋ ಪ್ರಸಂಗಿ ಜನಪ್ರಿಯ ಮಾಡಿದ ಪದ್ಧತಿ, ನಮ್ಮ ಹೊಸ ಅಕ್ಕಿ ಹಬ್ಬದಷ್ಟೇ ಮನುಷ್ಯರದ್ದು. ನಮ್ಮ ಫೆಲೋಶಿಪ್‌ನಲ್ಲಿ ಸ್ವಂತ ಮಾತಿನ ಪ್ರಾರ್ಥನೆ ಅಂತ ನಾನು ಮರುಳಾದದ್ದು ಕೂಡ ಆರು ತಿಂಗಳಾದ ಮೇಲೆ ಎಲ್ರ ಬಾಯಲ್ಲೂ ಅದೇ ಹತ್ತು ವಾಕ್ಯ, ಅದೇ ರಾಗ. ಯೇಸು ಕೂಡ ಸಬ್ಬತ್, ಅಂದ್ರೆ ಯೆಹೂದ್ಯರ ವಾರದ ವಿಶ್ರಾಂತಿ ದಿನ ಸಭಾಮಂದಿರಕ್ಕೆ ವಾಡಿಕೆ ಪ್ರಕಾರ ಹೋದ್ರು ಅಂತ ಲೂಕ 4:16ರಲ್ಲಿ ಉಂಟು.

ಪಪ್ಪ ಒಮ್ಮೆ ಹೇಳಿದ್ದು, 1784ರಲ್ಲಿ ಟಿಪ್ಪು ನಮ್ಮವರನ್ನ ಶ್ರೀರಂಗಪಟ್ಟಣಕ್ಕೆ ಹಿಡ್ಕೊಂಡು ಹೋಗಿ ಇಲ್ಲಿ ಚರ್ಚ್ ಕೆಡವಿಸಿದಾಗ, 1799ರಲ್ಲಿ ಟಿಪ್ಪು ಸಾಯೋ ತನಕ ಅವರ ಕೈಯಲ್ಲಿ ಏನಿತ್ತು, ಬಾಯಿಪಾಠ ಬಂದದ್ದೇ ಅಲ್ವಾ ಅಂತ. ನಾನು ನಕ್ಕಿದ್ದೆ.

ಹಾಗಂತ ಎಲ್ಲ ಸಂಪ್ರದಾಯನೂ ತಲೆ ಮೇಲೆ ಇಟ್ಕೊಳ್ಳಿ ಅಂತಲ್ಲ. ಚರ್ಚೇ ಬದಲಾಯಿಸುತ್ತೆ, ನನ್ನ ಅಜ್ಜಿ ಅರ್ಥ ಗೊತ್ತಿಲ್ದೆ ಲ್ಯಾಟಿನ್‌ನಲ್ಲಿ ಉತ್ತರ ಕೊಡ್ತಿದ್ದ ಪೂಜೆ ಎರಡನೇ ವ್ಯಾಟಿಕನ್ ಸಭೆ (1962-65ರಲ್ಲಿ ರೋಮಲ್ಲಿ ಬಿಷಪರೆಲ್ಲ ಸೇರಿದ ಸಭೆ) ಆದ್ಮೇಲೆ ಕೊಂಕಣಿಗೆ, ಕನ್ನಡಕ್ಕೆ ಬಂತು. ಬಿಸಾಡ್ಲೇಬೇಕು ಅಂತ ಕೈ ತುರಿಸ್ತಿದ್ರೆ, ಮದುವೆ ಮಾತುಕತೆಯಲ್ಲಿ ಹುಡುಗಿ ಬಾಮಣ್ ಪೈಕಿನಾ ಚಾರೊಡಿ ಪೈಕಿನಾ ಅಂತ ಇನ್ನೂ ಜಾತಿ ಕೇಳ್ತಾರಲ್ಲ, ಅದನ್ನ ಬಿಸಾಡಿ. ಅದರ ಬಗ್ಗೆ ಫೆಲೋಶಿಪ್‌ಗೆ ಹೋಗೋ ನಮ್ಮ ಹುಡುಗರು ಒಬ್ರೂ ಬಾಯಿ ಬಿಡಲ್ಲ, ಅಮ್ಮಂದಿರ ಜಪಮಾಲೆ ಮಾತ್ರ ಕಣ್ಣಿಗೆ ಚುಚ್ಚುತ್ತೆ.

ನೀವು ನೇರವಾಗಿ ಪ್ರಾರ್ಥನೆ ಮಾಡೋದಾದ್ರೆ ಮಾಡಿ, ಬೆಳಿಗ್ಗೆ ಐದಕ್ಕೆ ಎದ್ದು ಮಾಡಿ, ಯಾರು ತಡೀತಾರೆ? ಅದಕ್ಕೆ ಮನೆಯಲ್ಲಿ ಘೋಷಣೆ ಯಾಕೆ? ಸಂಜೆ ತೇರ್ಸ್‌ಗೆ ಕೂತ್ಕೊಳ್ಳಿ, ಸಾಕು. ನಾನು ಈಗ ಫೆಲೋಶಿಪ್ ಬಿಟ್ಟಿದ್ದೀನಿ, ಅದು ನನ್ನ ಕಥೆ, ನೀವು ಬಿಡಿ ಅಂತ ಹೇಳ್ತಿಲ್ಲ.

2024ರ ಸೆಪ್ಟೆಂಬರ್ 1, ಮೊಂತಿ ಫೆಸ್ತಿನ ನೊವೆನಾ (ಒಂಬತ್ತು ದಿನದ ಪ್ರಾರ್ಥನೆ) ಮಧ್ಯದ ಭಾನುವಾರ, ಅಮ್ಮನ ಕೈ ಹಿಡ್ಕೊಂಡು ಚರ್ಚ್‌ಗೆ ಹೋಗಿದ್ದೆ. ಸುವಾರ್ತೆ ಶುರುವಾದ್ರೆ ಅದೇ ಮಾರ್ಕ 7. ಮಜಾ ಏನಂದ್ರೆ ಆ ಭಾನುವಾರದ ಪಾಠವೂ 8ಕ್ಕೆ ನಿಂತು ಸೀದಾ 14ಕ್ಕೆ ಹಾರುತ್ತೆ, ಕೊರ್ಬಾನ್ ಭಾಗ ಇಲ್ಲ. ಮನೆಗೆ ಬಂದು ಅಲ್ತಾರಿನ ಕೆಳಗಿಂದ ಬೈಬಲ್ ತೆಗೆದು, ಪ್ಲಾಸ್ಟಿಕ್ ಬಿಚ್ಚಿ, ಬಿಟ್ಟುಹೋದ ಐದು ವಚನ ಅಮ್ಮನಿಗೆ ಓದಿ ಹೇಳಿದೆ. ಗಂಟಲು ಕಟ್ಟಿತ್ತು. ಅಮ್ಮ ಪೂರ್ತಿ ಕೇಳಿದ್ರು, ಬಲಗಣ್ಣಲ್ಲಿ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, "ಬಡಿಸಿ ಆಯ್ತು, ಮೊದ್ಲು ಹೋಗಿ ಕೈ ತೊಳ್ಕೊಂಡು ಬಾ" ಅಂದ್ರು.