ವೀಸಾದಲ್ಲಿದ್ದರೂ ನೀವು ಲೆಕ್ಕಕ್ಕಿದ್ದೀರಿ

ಪ್ರಶ್ನೆ: ಕ್ಯಾಲಿಫೋರ್ನಿಯಾದ ಬೇ ಏರಿಯಾದ ಒಂದು ಸಣ್ಣ ನಗರದಲ್ಲಿದ್ದೇವೆ. ನಮ್ಮ ಸಿಟಿ ಕೌನ್ಸಿಲ್‌ಗೆ ಯಾರೋ ವಕೀಲರ ಪತ್ರ ಬಂತಂತೆ, ಅದಾದ ಮೇಲೆ ‘ಡಿಸ್ಟ್ರಿಕ್ಟ್’ ಚುನಾವಣೆಗೆ ಬದಲಾಗುತ್ತಿದ್ದಾರೆ. ನಕ್ಷೆ ಬಗ್ಗೆ ಸಭೆಗೆ ಎಲ್ಲರನ್ನೂ ಕರೆದಿದ್ದಾರೆ. ನಾನಿನ್ನೂ ಎಚ್-1ಬಿ ವೀಸಾದಲ್ಲಿದ್ದೇನೆ. ಮತವೇ ಇಲ್ಲದವನು ಹೋಗಿ ಏನು ಮಾಡಲಿ?

ಉತ್ತರ: ಖಂಡಿತ ಹೋಗಿ. ಡಿಸ್ಟ್ರಿಕ್ಟ್ ಅಂದರೆ ನಮಗೆ ಜಿಲ್ಲೆ, ಡಿಸಿ ಆಫೀಸು ನೆನಪಾಗುತ್ತದೆ. ಇಲ್ಲಿ ಅದು ನಮ್ಮ ವಾರ್ಡ್ ಇದ್ದಂತೆ. ವಾರ್ಡ್‌ಗಳನ್ನು ಸಮನಾಗಿ ಹಂಚುವಾಗ ಎಣಿಸುವುದು ಮತದಾರರನ್ನಲ್ಲ, ನಿವಾಸಿಗಳನ್ನು. ಜನಗಣತಿಯಲ್ಲಿ ಸೇರಿದ ಮಕ್ಕಳು, ಗ್ರೀನ್ ಕಾರ್ಡ್‌ನವರು, ವೀಸಾದವರು ಎಲ್ಲರೂ ಅದರಲ್ಲಿದ್ದಾರೆ. ಬೇ ಏರಿಯಾದ ಸನಿವೇಲ್ ನಗರದ ಲೆಕ್ಕ ನೋಡಿ: 2020ರ ಗಣತಿಯಲ್ಲಿ 1,55,805 ಜನ, ಆರು ವಾರ್ಡ್. ಒಂದಕ್ಕೆ ಸರಾಸರಿ 25,968. ಅತಿ ದೊಡ್ಡ ವಾರ್ಡಿಗೂ ಅತಿ ಚಿಕ್ಕದಕ್ಕೂ ಇರುವ ಅಂತರ ಈ ಸರಾಸರಿಯ ಶೇ 10ರೊಳಗೆ, ಎಂದರೆ ಸುಮಾರು 2,600 ಜನರೊಳಗೆ ಇದ್ದರೆ ಸಾಮಾನ್ಯವಾಗಿ ತಕರಾರಿಲ್ಲ. ವೀಸಾದವರೇ ತುಂಬಿದ ಅಪಾರ್ಟ್‌ಮೆಂಟ್‌ಗಳಿರುವ ವಾರ್ಡಿನಲ್ಲಿ ಜನ ಅಷ್ಟೇ, ಮತದಾರರು ಕಡಿಮೆ. ಹಾಗಾಗಿ ಪೌರತ್ವ ಪಡೆದ ನಿಮ್ಮ ಪಕ್ಕದ ಮನೆಯವರ ಒಂದೊಂದು ಮತಕ್ಕೂ ಅಲ್ಲಿ ತೂಕ ಹೆಚ್ಚು.

ವಕೀಲರ ಪತ್ರದ ಹಿಂದಿರುವುದು ‘2001ರ ಕ್ಯಾಲಿಫೋರ್ನಿಯಾ ಮತದಾನ ಹಕ್ಕು ಕಾಯ್ದೆ’. ಹೆಸರಿನಲ್ಲಿ 2001 ಇದ್ದರೂ ಅದು ಕಾನೂನಾದದ್ದು 2002ರಲ್ಲಿ. ಇಡೀ ಊರು ಎಲ್ಲ ಸ್ಥಾನಗಳಿಗೂ ಮತ ಹಾಕುವ ಪದ್ಧತಿಯಲ್ಲಿ ಒಂದು ಸಮುದಾಯದ ಮತ ಒಂದು ಕಡೆ, ಉಳಿದವರದು ಇನ್ನೊಂದು ಕಡೆ ಬಿದ್ದು, ಆ ಸಮುದಾಯ ಒಪ್ಪಿದ ಅಭ್ಯರ್ಥಿ ಸೋಲುತ್ತಲೇ ಬಂದರೆ ಈ ಕಾಯ್ದೆಯಡಿ ಕೋರ್ಟಿಗೆ ಹೋಗಬಹುದು. ಪತ್ರ ತಲುಪಿದ 45 ದಿನಗಳೊಳಗೆ ಕೌನ್ಸಿಲ್ ‘ವಾರ್ಡ್ ಪದ್ಧತಿಗೆ ಹೋಗುತ್ತೇವೆ’ ಎಂದು ನಿರ್ಣಯ ಮಾಡಿ, ಮುಂದಿನ 90 ದಿನಗಳಲ್ಲಿ ಕೆಲಸ ಮುಗಿಸಿದರೆ ಎದುರು ವಕೀಲರಿಗೆ ಕೊಡಬೇಕಾದ ಖರ್ಚಿಗೆ ಮಿತಿ ಇದೆ: 30,000 ಡಾಲರ್, ಜೊತೆಗೆ ಬೆಲೆಯೇರಿಕೆಯ ಹೊಂದಾಣಿಕೆ. ಹಟ ಹಿಡಿದು ಕೋರ್ಟಿಗೆ ಹೋಗಿ ಸೋತ ಪಾಮ್‌ಡೇಲ್ ನಗರಕ್ಕೆ ಬಿದ್ದ ಹೊರೆ 45 ಲಕ್ಷ ಡಾಲರ್. ನಿಮ್ಮ ಕೌನ್ಸಿಲ್‌ನ ಅವಸರಕ್ಕೆ ಕಾರಣ ಇದೇ.

ಆ 90 ದಿನಗಳಲ್ಲಿ ನಕ್ಷೆ ಬರೆಯುವ ಮೊದಲು 30 ದಿನಗಳೊಳಗೆ ಎರಡು ಸಭೆ, ಕರಡು ನಕ್ಷೆ ಬಂದ ಮೇಲೆ 45 ದಿನಗಳೊಳಗೆ ಇನ್ನೆರಡು. ಕರಡು ಅದನ್ನು ಚರ್ಚಿಸುವ ಸಭೆಗಿಂತ ಕನಿಷ್ಠ ಏಳು ದಿನ ಮೊದಲೇ ಪ್ರಕಟವಾಗಬೇಕು. ಜನ ನಕ್ಷೆ ಕಂಡ ಮೇಲೆ ಎಚ್ಚೆತ್ತು ಕೊನೆಯ ಸಭೆಗಳಿಗೆ ನುಗ್ಗುತ್ತಾರೆ. ಅಷ್ಟು ಹೊತ್ತಿಗೆ ಒಂದು ಗೆರೆ ಸರಿಸಿದರೂ ಪಕ್ಕದ ಎರಡು ವಾರ್ಡ್‌ಗಳ ಲೆಕ್ಕ ಕೆಡುತ್ತದೆ, ನಕ್ಷೆ ಬರೆಯುವ ಸಲಹೆಗಾರರು ಒಪ್ಪುವುದಿಲ್ಲ. ನೀವು ಮೊದಲ ಎರಡಕ್ಕೇ ಹೋಗಿ, ಬರೆದುಕೊಟ್ಟರೂ ಸಾಕು. ಮಾತಾಡಲು ಪೌರತ್ವ ಬೇಕಿಲ್ಲ.

ಏನು ಹೇಳಬೇಕು ಅನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ‘ಭಾರತೀಯರನ್ನೆಲ್ಲ ಒಂದೇ ವಾರ್ಡಿಗೆ ಹಾಕಿ’ ಅನ್ನಬೇಡಿ. ಜನಾಂಗವನ್ನೇ ಮುಖ್ಯ ಮಾಡಿ ಎಳೆದ ಗೆರೆ ಫೆಡರಲ್ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಇಂಥ ಕೌನ್ಸಿಲರ್ ಉಳಿಯಲಿ, ಇಂಥ ಪಕ್ಷ ಗೆಲ್ಲಲಿ ಎಂಬ ವಾದವನ್ನಂತೂ ಕಾನೂನೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಾನೂನು ಕೇಳುವುದು ಜನರನ್ನು ಬೆಸೆಯುವ ಸಮಾನ ಹಿತಾಸಕ್ತಿಯನ್ನು: ಒಂದೇ ಶಾಲೆಗೆ ಹೋಗುವ ಮಕ್ಕಳು, ಒಂದೇ ಬಸ್ ಮಾರ್ಗ, ದಾಟಲು ಹೆದರಿಕೆಯಾಗುವ ಒಂದೇ ಕ್ರಾಸಿಂಗ್, ಏರುವ ಬಾಡಿಗೆ. ಎಲ್ಲೆಗಳನ್ನು ರಸ್ತೆಯ ಹೆಸರಿನಿಂದಲೇ ಹೇಳಿ. ಸನಿವೇಲ್‌ನವರಾದರೆ ‘ಉತ್ತರಕ್ಕೆ ಕ್ಯಾಲ್‌ಟ್ರೇನ್ ಹಳಿ, ದಕ್ಷಿಣಕ್ಕೆ ಎಲ್ ಕಮಿನೋ ರಿಯಲ್, ಇವುಗಳ ನಡುವಿನ ಅಪಾರ್ಟ್‌ಮೆಂಟ್‌ಗಳನ್ನು ಒಡೆಯಬೇಡಿ’ ಅನ್ನಬಹುದು. ‘ನಮ್ಮ ಏರಿಯಾ’ ಅಂದರೆ ನಕ್ಷೆ ಬರೆಯುವವರಿಗೆ ಏನೂ ತಿಳಿಯುವುದಿಲ್ಲ. ಇನ್ನೊಂದು ಸೂಕ್ಷ್ಮ: ಗೆರೆ ದೊಡ್ಡ ರಸ್ತೆಯ ಮೇಲೆ ಹಾದರೆ ಎರಡು ಬದಿಯವರು ಬೇರೆ ಬೇರೆ ವಾರ್ಡಿಗೆ ಬೀಳುತ್ತಾರೆ. ರಸ್ತೆಯೇ ನಿಮ್ಮ ಸಮಸ್ಯೆಯಾಗಿದ್ದರೆ ಎರಡೂ ಬದಿ ಒಂದೇ ವಾರ್ಡಿನಲ್ಲಿರಲಿ ಎಂದು ಕೇಳಿ.

ಪ್ರಶ್ನೆ: ನಾನು ಮತದಾರಳು. ವಾರ್ಡ್ ಪದ್ಧತಿ ಬಂದ ಮೊದಲ ನವೆಂಬರ್‌ನಲ್ಲೇ ನನ್ನ ಬ್ಯಾಲಟ್‌ನಲ್ಲಿ ಕೌನ್ಸಿಲ್ ಸ್ಪರ್ಧೆಯೇ ಇರಲಿಲ್ಲ. ತಪ್ಪಾಗಿದೆಯೇ?

ಉತ್ತರ: ಬಹುತೇಕ ಇಲ್ಲ. ಕೌನ್ಸಿಲ್‌ನ ಅರ್ಧ ಸ್ಥಾನಗಳು ಒಂದು ಚುನಾವಣೆಗೆ, ಉಳಿದರ್ಧ ಎರಡು ವರ್ಷ ಬಿಟ್ಟು ಬರುತ್ತವೆ. ಸನಿವೇಲ್‌ನಲ್ಲಿ 2020ರ ನವೆಂಬರ್‌ನಲ್ಲಿ ಮೇಯರ್ ಜೊತೆಗೆ 2, 4, 6ನೇ ವಾರ್ಡ್‌ಗಳಿಗೆ ಮಾತ್ರ ಮತದಾನವಾಯಿತು. 1, 3, 5ರವರು 2022ರವರೆಗೆ ಕಾದರು. ಆ ನಡುವೆ ಹಳೇ ಪದ್ಧತಿಯಲ್ಲಿ ಆಯ್ಕೆಯಾದವರು ತಮ್ಮ ಅವಧಿ ಮುಗಿಸಿದರು. ಯಾವ ವಾರ್ಡ್ ಮೊದಲು ಎಂಬುದೂ ಅದೇ ಸಭೆಗಳಲ್ಲೇ ತೀರ್ಮಾನವಾಗುತ್ತದೆ, ಆದರೆ ನಕ್ಷೆಯ ಗದ್ದಲದಲ್ಲಿ ಯಾರೂ ಕೇಳುವುದಿಲ್ಲ. ಹಿಂದೆ ಇಡೀ ಕೌನ್ಸಿಲ್‌ಗೆ ಮತ ಹಾಕುತ್ತಿದ್ದವರಿಗೆ ಈಗ ಒಂದೇ ಸ್ಥಾನ ಎಂಬ ನಷ್ಟವೂ ನಿಜ.

ಪ್ರಶ್ನೆ: ಅಭ್ಯರ್ಥಿ ವಾರ್ಡಿನವನೇ ಆಗಿರಲಿ, ಮತ ಮಾತ್ರ ಇಡೀ ಊರು ಹಾಕಲಿ. ಈ ನಡುದಾರಿ ಆಗುವುದಿಲ್ಲವೇ?

ಉತ್ತರ: ಕೇಳಲು ಚೆನ್ನಾಗಿದೆ, ಆದರೆ 2001ರ ಕಾಯ್ದೆ ಅದನ್ನೂ ಇಡೀ ಊರಿನ ಚುನಾವಣೆ ಎಂದೇ ಎಣಿಸುತ್ತದೆ. ಹಾಗೆ ಮಾಡಿದ ನಗರಕ್ಕೆ ಇನ್ನೊಂದು ಪತ್ರ ಬರಬಹುದು.