ಪ್ರಮಾಣಪತ್ರ ಬಂತು, ತರಗತಿ ಬದಲಾಗಲಿಲ್ಲ

ಪ್ರಶ್ನೆ: ಹನ್ನೆರಡು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೇನೆ. ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾದಲ್ಲಿ ಹಲವು ಕೋರ್ಸು ಮುಗಿಸಿದ್ದೇನೆ. ಆದರೂ ಪ್ರಶ್ನೆ ಕೇಳಿದರೆ ಅದೇ ನಾಲ್ಕೈದು ಮಕ್ಕಳು ಕೈಯೆತ್ತುತ್ತಾರೆ. ಇನ್ನೇನು ಕಲಿಯಲಿ?
— ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಸದ್ಯಕ್ಕೆ ಇನ್ನೊಂದು ಕೋರ್ಸು ಬೇಡ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರ ವೃತ್ತಿ ಬೆಳವಣಿಗೆಗೆ ವರ್ಷಕ್ಕೆ ಕನಿಷ್ಠ 50 ಗಂಟೆ ಬೇಕೆನ್ನುತ್ತದೆ. ಅಷ್ಟನ್ನೂ ಪರದೆಯ ಮುಂದೆ ಕಳೆದರೆ ನಿಮ್ಮದೇ ತರಗತಿಯಲ್ಲಿ ಆಗುತ್ತಿರುವುದು ಕಾಣದು.

ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ಮಕ್ಕಳಿಗೂ ತಿಳಿಸಿ, ಪದ್ಯಪಾಠದ 15 ನಿಮಿಷವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ. ವಿಡಿಯೊ ಬೇಡ, ಕ್ಯಾಮೆರಾ ಕಂಡರೆ ಮಕ್ಕಳು ಬಿಗಿಯಾಗುತ್ತಾರೆ. ಮನೆಯಲ್ಲಿ ಕೇಳುತ್ತಾ ನೀವು ಕೇಳಿದ ಪ್ರತಿ ಪ್ರಶ್ನೆಯನ್ನೂ ಬರೆದುಕೊಳ್ಳಿ. ಅದಕ್ಕೆ ಒಂದು ಪದದ ಉತ್ತರ ಸಾಕೇ, ಯೋಚಿಸಿ ಹೇಳಬೇಕೇ? ಎಷ್ಟು ಸೆಕೆಂಡು ಕಾದಿರಿ? ಉತ್ತರಿಸಿದ್ದು ಯಾರು?

ತೊಡಕು ಸಾಮಾನ್ಯವಾಗಿ ಕಾಯುವುದರಲ್ಲೇ ಇರುತ್ತದೆ. ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನ ತರಗತಿಗಳಲ್ಲಿ ಇದನ್ನು ಅಳೆದಾಗ ಶಿಕ್ಷಕರು ಕಾಯುತ್ತಿದ್ದುದು ಸುಮಾರು ಒಂದೇ ಸೆಕೆಂಡು. ಮೂರು ಸೆಕೆಂಡು ಕಾದಾಗ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಬಾಯಿಬಿಟ್ಟರು. ಭಾಷಾ ತರಗತಿಗೆ ಇದು ಇನ್ನೂ ಮುಖ್ಯ: ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗುವಿಗೆ ಉತ್ತರ ಗೊತ್ತಿದ್ದರೂ ಅದನ್ನು ಪಠ್ಯದ ಕನ್ನಡಕ್ಕೆ ತರಲು ಹೊತ್ತು ಬೇಕು.

ಮುಂದಿನ ಎರಡು ವಾರ ಇದೊಂದನ್ನೇ ಬದಲಿಸಿ. ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಆಮೇಲೆ ಹೆಸರು ಹಿಡಿದು ಕರೆಯಿರಿ. ಹೆಸರು ಮೊದಲೇ ಬಂದರೆ ಉಳಿದವರು ಯೋಚಿಸುವುದನ್ನು ಬಿಡುತ್ತಾರೆ. ಕಾಯುವಾಗ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಮತ್ತೆ ಕೇಳಬೇಡಿ. ಅರ್ಧ ಯೋಚಿಸಿದ ಮಗು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ‘ಈ ಪದ್ಯ ಬರೆದವರು ಯಾರು?’ ಎಂಬುದಕ್ಕೆ ಕಾದು ಪ್ರಯೋಜನವಿಲ್ಲ. ‘ಇಲ್ಲಿ ಈ ಪದವನ್ನೇ ಏಕೆ ಬಳಸಿದರು?’ ಎಂಬಂಥದಕ್ಕೆ ಕಾಯಿರಿ. ಎರಡು ವಾರದ ಬಳಿಕ ಅದೇ ತರಗತಿಯಲ್ಲಿ ಮತ್ತೆ 15 ನಿಮಿಷ ಮುದ್ರಿಸಿ, ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಪ್ರಶ್ನೆ: ಸಹೋದ್ಯೋಗಿಯನ್ನು ಪಾಠ ನೋಡಲು ಕರೆಯೋಣವೆಂದರೆ ತಪಾಸಣೆಯಂತೆ ಅನಿಸುತ್ತದೆ. ಏನು ಮಾಡಲಿ?
— ಇಂಗ್ಲಿಷ್ ಶಿಕ್ಷಕ, ತುಮಕೂರು ಜಿಲ್ಲೆ

ಉತ್ತರ: ಏನನ್ನು ನೋಡಬೇಕೆಂದು ನೀವೇ ಗೊತ್ತುಮಾಡಿ, ಅದೂ ಒಂದೇ ಒಂದು: ಉದಾಹರಣೆಗೆ, ಹಿಂದಿನ ಬೆಂಚಿನವರು ಎಷ್ಟು ಸಲ ಇಂಗ್ಲಿಷಿನಲ್ಲಿ ಮಾತಾಡಿದರು? ಸಹೋದ್ಯೋಗಿ ಮಕ್ಕಳ ಮುಖ ಕಾಣುವಂತೆ ಪಕ್ಕದಲ್ಲಿ ಕೂರಲಿ. ಕಿವಿಗೆ ಬಿದ್ದದ್ದನ್ನಷ್ಟೇ ಬರೆಯಲಿ. ‘ಚೆನ್ನಾಗಿತ್ತು’, ‘ಸಾಲದು’ ಬೇಡ. ಅಂದೇ ಹತ್ತು ನಿಮಿಷ ಕೂತು ಮಾತಾಡಿ, ಮೊದಲು ನೀವು, ಆಮೇಲೆ ಅವರು. ಬರೆದ ಹಾಳೆ ನಿಮ್ಮ ಬಳಿಯೇ ಉಳಿಯಲಿ. ಮುಂದಿನ ವಾರ ಅವರ ತರಗತಿಗೆ ನೀವು ಹೋಗಿ.